ಇಂಪೋರ್ಟ್ ಮಾಡಿದ್ರೆ ಸಾಲದು, ತಾಳೆ ನೋಡ್ಬೇಕು

ನಮ್ಮ ಅಭಿಪ್ರಾಯ ಏನು ಅಂತ ಮೊದಲೇ ಹೇಳಿಬಿಡ್ತೀವಿ. ಪೂರ್ತಿ ಓದೋಕೆ ಟೈಮ್ ಇಲ್ಲದವರು ಇಲ್ಲಿಂದಲೇ ಕ್ಯಾಂಟೀನಿಗೆ ಹೋಗಬಹುದು. ಬ್ಯಾಂಕ್ ಸ್ಟೇಟ್‌ಮೆಂಟನ್ನು ಒಂದು ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡಿ, ಬಣ್ಣಬಣ್ಣದ ಪೈ ಚಾರ್ಟ್ ನೋಡಿ, "ನಾನೂ ಲೆಕ್ಕ ಇಡ್ತೀನಿ" ಅಂದ್ರೆ ಅದು ಲೆಕ್ಕ ಇಟ್ಟ ಹಾಗಲ್ಲ. ಅದು ಬ್ಯಾಂಕ್ ಇಟ್ಟಿರೋ ಲೆಕ್ಕದ ಜೆರಾಕ್ಸ್ ಅಷ್ಟೇ. ನಮ್ಮ ಲೆಕ್ಕ ಬೇರೆ ಇರಬೇಕು, ಬ್ಯಾಂಕಿನ ಲೆಕ್ಕ ಬೇರೆ ಇರಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. ಸೆಕೆಂಡ್ ಇಯರಿನ ಹಾಸ್ಟೆಲ್ ಹುಡುಗರಿಗೆ ಇಷ್ಟೆಲ್ಲ ಯಾಕೆ ಅಂತ ಕೇಳೋರಿಗಾಗಿಯೇ ಈ ಬರಹ.

ನಾವು ಅಂದ್ರೆ ಒಂದೇ ರೂಮಿನ ಮೂವರು. ಒಬ್ಬ ಇಸಿ, ಒಬ್ಬ ಮೆಕ್, ಒಬ್ಬ ಸಿಎಸ್. ಟೈಪ್ ಮಾಡ್ತಿರೋದು ಒಬ್ಬ, ಜಗಳ ಆಡಿ ಒಪ್ಪಿಕೊಂಡಿದ್ದು ಮೂವರೂ. ಮೂವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಹಾಗಾಗಿ ಸಾಫ್ಟ್‌ವೇರಿನಲ್ಲಿರೋ 'ರೀಕನ್ಸೈಲ್' ಅನ್ನೋ ಬಟನ್ನಿಗೆ ಕನ್ನಡದಲ್ಲಿ ಏನಂತಾರೆ ಅಂತ ನಮಗೆ ಹೊಳೆಯಲೇ ಇಲ್ಲ. ಮೆಕ್ ಹುಡುಗನ ಅಜ್ಜ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಿದ್ದವರು. ಫೋನಿನಲ್ಲಿ ಕೇಳಿದ್ದಕ್ಕೆ, "ಅದಕ್ಕೇನೋ ದೊಡ್ಡ ಹೆಸರು, ತಾಳೆ ನೋಡೋದು ಅಂತಾರೆ" ಅಂದ್ರು. ಆಮೇಲೆ ನಿಲ್ಲಿಸಲೇ ಇಲ್ಲ. ದಿನದ ವಹಿವಾಟು ಬರೆಯೋ ಪುಸ್ತಕ ಕಿರ್ದಿ, ಅದನ್ನ ಖಾತೆವಾರು ಬಿಡಿಸಿ ಬರೆಯೋದು ಖತಾವಣಿ, ಸಂಜೆಗೆ ಕೈಯಲ್ಲಿ ಉಳಿದದ್ದು ಶಿಲ್ಕು. ನಮ್ಮ ಸಾಫ್ಟ್‌ವೇರಿನಲ್ಲಿ ಇರೋದು ಇಷ್ಟೇ, ಇಂಗ್ಲಿಷಿನಲ್ಲಿ ಇದೆ ಅಂತ ನಾವು ಹೆದರಿಕೊಂಡಿದ್ದು. (ತಾಳೆ, ಟ್ಯಾಲಿ ಎರಡೂ ಕೇಳೋಕೆ ಒಂದೇ ಥರ ಇದೆ ಅಂತ ಯಾರಾದರೂ ಕೇಳೋ ಮುಂಚೆ: ಟ್ಯಾಲಿ ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್, ಆದ್ರೆ ಅದು ಅಂಗಡಿಗಳಿಗೆ, ಆಡಿಟರ್ ಆಫೀಸುಗಳಿಗೆ ಮಾಡಿದ್ದು. ಹಾಸ್ಟೆಲ್ ಲೆಕ್ಕಕ್ಕೆ ಅಷ್ಟು ದೊಡ್ಡ ಗಾಡಿ ಬೇಡ.)

ನಾವು ಬಳಸೋದು ಗ್ನೂಕ್ಯಾಶ್. 1998ರಿಂದ ಇರೋ ಫ್ರೀ ಸಾಫ್ಟ್‌ವೇರ್. ನೋಡೋಕೆ ಚೆನ್ನಾಗಿಲ್ಲ, ನಿಜ. ಆದ್ರೆ ಡೇಟಾ ಪೂರ್ತಿ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತೆ. ಅದರ ಫೈಲ್ ಅಂದ್ರೆ ಕಂಪ್ರೆಸ್ ಮಾಡಿದ ಎಕ್ಸ್‌ಎಂಎಲ್, ಬಿಚ್ಚಿ ಓದಬಹುದು. ಒಳಗೆ ನೋಡಿದಾಗ ಸಿಎಸ್ ಹುಡುಗನಿಗೆ ಖುಷಿಯಾಗಿದ್ದು ಒಂದು ವಿಷಯಕ್ಕೆ: 15 ರೂಪಾಯಿಯನ್ನ ಅದು 1500/100 ಅಂತ ಭಿನ್ನರಾಶಿಯಾಗಿ ಇಟ್ಕೊಳ್ಳುತ್ತೆ, ಫ್ಲೋಟ್ ಆಗಿ ಅಲ್ಲ. 0.1ಕ್ಕೆ 0.2 ಕೂಡಿಸಿದ್ರೆ 0.3 ಬರದೇ ಇರೋ ತಮಾಷೆ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಇದರ ಲೆಕ್ಕ ಡಬಲ್ ಎಂಟ್ರಿ. ವೆನಿಸಿನಲ್ಲಿ 1494ರಲ್ಲಿ ಲೂಕಾ ಪಚೋಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಇರೋ ಪದ್ಧತಿಯೇ ಇವತ್ತಿಗೂ ನಡೀತಿದೆ. ಇಸಿಯವರಿಗೆ ಒಂದು ಸಾಲಿನಲ್ಲಿ ಹೇಳಬಹುದು: ಇದು ಕಿರ್ಚಾಫ್ ಕರೆಂಟ್ ಲಾ. ಎಲ್ಲಿಂದಲೋ ಹೊರಟ ದುಡ್ಡು ಇನ್ನೆಲ್ಲೋ ಸೇರಲೇಬೇಕು, ಪ್ರತಿ ವಹಿವಾಟಿನ ಮೊತ್ತ ಸೊನ್ನೆ. ಮೆಸ್ಸಿಗೆ 3,200 ಕೊಟ್ಟರೆ ಬ್ಯಾಂಕ್ ಖಾತೆಯಿಂದ 3,200 ಹೊರಗೆ, 'ಊಟ' ಅನ್ನೋ ಖಾತೆಗೆ 3,200 ಒಳಗೆ. ಎಲ್ಲಿಗೆ ಅಂತ ನೀವು ಹೇಳದೇ ಇದ್ರೆ ಸಾಫ್ಟ್‌ವೇರ್ ಅದನ್ನ 'ಇಂಬ್ಯಾಲೆನ್ಸ್' ಅನ್ನೋ ಖಾತೆಗೆ ತಳ್ಳಿ, ನಿಮ್ಮನ್ನ ದಿಟ್ಟಿಸ್ತಾ ಕೂತಿರುತ್ತೆ.

ಇಲ್ಲಿ ಎಲ್ಲರೂ ಎಡವೋ ಒಂದು ಜಾಗ ಇದೆ. ಅಪ್ಪ ದುಡ್ಡು ಹಾಕಿದಾಗ ಬ್ಯಾಂಕ್ 'ಕ್ರೆಡಿಟೆಡ್' ಅಂತ ಮೆಸೇಜ್ ಕಳಿಸುತ್ತೆ. ಗ್ನೂಕ್ಯಾಶಿನಲ್ಲಿ ಅದೇ ದುಡ್ಡು ಡೆಬಿಟ್ ಕಾಲಂಗೆ ಹೋಗುತ್ತೆ. ಎರಡೂ ಸರಿ. ಬ್ಯಾಂಕಿನವರು ಬರೆಯೋದು ಅವರ ಪುಸ್ತಕ. ಅವರ ಪುಸ್ತಕದಲ್ಲಿ ನಮ್ಮ ದುಡ್ಡು ಅವರು ನಮಗೆ ವಾಪಸ್ ಕೊಡಬೇಕಾದ ಸಾಲ. ನಮ್ಮ ಪುಸ್ತಕದಲ್ಲಿ ಅದು ನಮ್ಮ ಆಸ್ತಿ. ಒಂದೇ ದುಡ್ಡು, ಎದುರುಬದುರು ಕೂತ ಇಬ್ಬರು ಬರೆದ ಎರಡು ಪುಸ್ತಕ. ಈ ಮಾತು ತಲೆಗೆ ಹೋದ ದಿನ ತಾಳೆ ನೋಡೋದು ಯಾಕೆ ಅನ್ನೋದೂ ಹೋಯ್ತು.

ಈಗ ಇಂಪೋರ್ಟ್ ವಿಷಯ. ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಫೈಲ್ ಆರಿಸಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿದ್ರೆ ಮುಗೀತು ಅಂತ ವೀಡಿಯೊಗಳಲ್ಲಿ ತೋರಿಸ್ತಾರೆ. ಅಲ್ಲಿ ತೋರಿಸೋ ಓಎಫ್ಎಕ್ಸ್ ಫೈಲಿನಲ್ಲಿ ಪ್ರತಿ ವಹಿವಾಟಿಗೂ ಒಂದು ಗುರುತಿನ ನಂಬರ್ ಇರುತ್ತೆ, ಅದೇ ಫೈಲನ್ನ ಎರಡು ಸಲ ಹಾಕಿದ್ರೂ ಸಾಫ್ಟ್‌ವೇರಿಗೆ ಗೊತ್ತಾಗುತ್ತೆ. ನಮ್ಮ ಮೂವರ ಬ್ಯಾಂಕುಗಳಲ್ಲಿ ನಮಗೆ ಸಿಕ್ಕಿದ್ದು ಪಾಸ್‌ವರ್ಡ್ ಹಾಕಿದ ಪಿಡಿಎಫ್, ಇಲ್ಲವೇ ಎಕ್ಸೆಲ್. ಒಂದು ಬ್ಯಾಂಕಿನದು ಹೆಸರಿಗೆ ಎಕ್ಸೆಲ್, ತೆರೆದು ನೋಡಿದ್ರೆ ಮಧ್ಯೆ ಮಧ್ಯೆ ಟ್ಯಾಬ್ ಹಾಕಿದ ಸಾದಾ ಟೆಕ್ಸ್ಟ್. ಮೇಲೆ ಹದಿನೈದಿಪ್ಪತ್ತು ಸಾಲು ವಿಳಾಸ, ಬ್ರಾಂಚು, ಐಎಫ್ಎಸ್‌ಸಿ. ಕೆಳಗೆ 'ಇದು ಕಂಪ್ಯೂಟರ್ ತಯಾರಿಸಿದ ದಾಖಲೆ' ಅನ್ನೋ ಸಾಲು. ಅವನ್ನೆಲ್ಲ ಕತ್ತರಿಸಿ ಸಿಎಸ್‌ವಿ ಮಾಡ್ಕೋಬೇಕು.

ಕತ್ತರಿಸೋವಾಗ ಎಕ್ಸೆಲ್ ಒಂದು ಅನಾಹುತ ಮಾಡುತ್ತೆ, ದಯವಿಟ್ಟು ಗಮನಿಸಿ. ಪ್ರತಿ ಯುಪಿಐ ವಹಿವಾಟಿಗೂ 12 ಅಂಕಿಯ ಒಂದು ರೆಫರೆನ್ಸ್ ನಂಬರ್ ಇರುತ್ತೆ. ಸಾಮಾನ್ಯ ಸೆಲ್‌ನಲ್ಲಿ ಎಕ್ಸೆಲ್ 11 ಅಂಕಿವರೆಗೆ ಹಾಗೇ ತೋರಿಸುತ್ತೆ, 12 ಆದ ಕೂಡಲೇ 'ನಾಲ್ಕು ಪಾಯಿಂಟ್ ಏನೋ ಇಂಟು ಹತ್ತರ ಘಾತ ಹನ್ನೊಂದು' ಅಂತ ಮಡಚಿಬಿಡುತ್ತೆ. ಅಲ್ಲೇ ಸಿಎಸ್‌ವಿ ಅಂತ ಸೇವ್ ಮಾಡಿದ್ರೆ ಮಡಚಿದ್ದೇ ಫೈಲಿಗೆ ಹೋಗುತ್ತೆ, ಮೂಲ ನಂಬರ್ ಮಾಯ. ಆ ಕಾಲಂ ಅನ್ನ ಟೆಕ್ಸ್ಟ್ ಅಂತ ಹೇಳಿಯೇ ತೆರೀಬೇಕು. ಆ ನಂಬರ್ ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀವಿ.

ಇನ್ನೊಂದು ತಾರೀಖು. ನಾವು 03/04 ಅಂದ್ರೆ ಏಪ್ರಿಲ್ ಮೂರು. ತಿಂಗಳು ಮೊದಲು ಅಂತ ಸೆಟ್ಟಿಂಗ್ ಇದ್ರೆ ಅದು ಮಾರ್ಚ್ ನಾಲ್ಕು ಆಗುತ್ತೆ. 13ರಿಂದ ಮುಂದಿನ ತಾರೀಖುಗಳಿಗೆ ಎರರ್ ಬರುತ್ತೆ, ಗೊತ್ತಾಗುತ್ತೆ. ಮೊದಲ 12 ದಿನದ ವಹಿವಾಟು ಮಾತ್ರ ಸದ್ದಿಲ್ಲದೆ ವರ್ಷವಿಡೀ ಚದುರಿಹೋಗುತ್ತೆ. ಲಕ್ಷದ ಕಾಮಾದ ತೊಂದರೆ ನಮಗೆ ಬಂದಿಲ್ಲ, ಯಾಕೆ ಅಂತ ವಿವರಿಸಬೇಕಾಗಿಲ್ಲ.

ಆಮೇಲೆ ಬರೋದು ಹೊಂದಿಸೋ ಕೆಲಸ. ಇದು ನಿಜಕ್ಕೂ ಚೆನ್ನಾಗಿದೆ. ಹಿಂದೆ ಯಾವ ವಿವರಣೆಯನ್ನ ಯಾವ ಖಾತೆಗೆ ಹಾಕಿದ್ರಿ ಅನ್ನೋದನ್ನ ಗ್ನೂಕ್ಯಾಶ್ ನೆನಪಿಟ್ಟು, ಪದಗಳ ಸಂಭವನೀಯತೆ ಲೆಕ್ಕ ಹಾಕಿ, ಮುಂದಿನ ಸಲ ತಾನೇ ಊಹಿಸುತ್ತೆ. ಮೂರನೇ ಸೆಮ್‌ನಲ್ಲಿ ಓದಿದ ಬೇಯ್ಸ್ ಥಿಯರಂ ಒಂದು ಉಪಯೋಗಕ್ಕೆ ಬಂದಿದ್ದು ಇಲ್ಲೇ. ಗೇಟಿನ ಎದುರಿನ ಟೀ ಅಂಗಡಿಯ ಕ್ಯೂಆರ್ ಅಂಗಡಿಯ ಹೆಸರಲ್ಲಿಲ್ಲ, ಅಣ್ಣನ ಮಗಳ ಹೆಸರಲ್ಲಿದೆ. ಸ್ಟೇಟ್‌ಮೆಂಟಿನಲ್ಲಿ ಆ ಹೆಸರೂ ಅರ್ಧಕ್ಕೇ ಕತ್ತರಿಸಿರುತ್ತೆ. ಮೂರ್ನಾಲ್ಕು ಸಲ ಹೇಳಿಕೊಟ್ಟ ಮೇಲೆ ಆ ಅರ್ಧ ಹೆಸರು ಅಂದ್ರೆ 'ಟೀ' ಅಂತ ಸಾಫ್ಟ್‌ವೇರ್ ಕಲಿತುಬಿಡ್ತು.

ಆದ್ರೆ ಅದೇ ಟೀ ಇನ್ನೊಂದು ಕಡೆ ಕೈ ಕೊಡುತ್ತೆ. ದಿನಾ ಅದೇ ಅಂಗಡಿ, ಅದೇ 15 ರೂಪಾಯಿ. ಸಿಎಸ್‌ವಿಯಲ್ಲಿ ಗುರುತಿನ ನಂಬರ್ ಸೌಲಭ್ಯ ಇಲ್ಲದ ಕಾರಣ ಸಾಫ್ಟ್‌ವೇರ್ ಮೊತ್ತ, ತಾರೀಖು ಹತ್ತಿರ ಇದೆಯಾ ಅಂತ ನೋಡುತ್ತೆ. ಸೋಮವಾರದ ಟೀ ಆಗಲೇ ಪುಸ್ತಕದಲ್ಲಿದ್ರೆ, ಮಂಗಳವಾರದ್ದು ಬಂದಾಗ "ಇದು ಅದೇ ಅಲ್ವಾ?" ಅಂತ ಬಿಟ್ಟುಬಿಡೋ ಸಾಧ್ಯತೆ ಇದೆ. ಹದಿನೈದು ರೂಪಾಯಿ ವ್ಯತ್ಯಾಸಕ್ಕೆ ಮೂವರೂ ಅರ್ಧ ಗಂಟೆ ತಲೆ ಕೆಡಿಸಿಕೊಂಡ ರಾತ್ರಿಗಳಿವೆ. ಆ ಅರ್ಧ ಗಂಟೆ ದಂಡ ಅಂತ ಇಸಿ ಹುಡುಗ ಇವತ್ತಿಗೂ ವಾದಿಸ್ತಾನೆ.

ಇನ್ನು ಯುಪಿಐ ಲೈಟ್. ಪಿನ್ ಇಲ್ಲದೆ ಸಣ್ಣ ಮೊತ್ತ ಕೊಡೋ ಸೌಲಭ್ಯ, 2022ರಲ್ಲಿ ಬಂತು. ಇದರಲ್ಲಿ ಮಾಡಿದ ಖರ್ಚು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದೊಂದಾಗಿ ಕಾಣೋದಿಲ್ಲ, ಲೈಟ್‌ಗೆ ದುಡ್ಡು ತುಂಬಿದ ಒಂದು ಸಾಲು ಮಾತ್ರ ಕಾಣುತ್ತೆ. ಆ 500 ರೂಪಾಯಿಯನ್ನ ಖರ್ಚು ಅಂತ ಬರೆದ್ರೆ ಲೆಕ್ಕ ಸುಳ್ಳು. ಅದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗಿರೋದು. ಎಟಿಎಂನಲ್ಲಿ ತೆಗೆದ ನಗದೂ ಹಾಗೇ. ಹಾಗಾಗಿ 'ಲೈಟ್' ಅಂತ ಒಂದು ಖಾತೆ, 'ಕೈಯಲ್ಲಿರೋ ನಗದು' ಅಂತ ಒಂದು ಖಾತೆ ಬೇರೆ ಬೇರೆ ಮಾಡ್ಕೊಂಡಿದ್ದೀವಿ.

ಇಷ್ಟೂ ಮಾಡಿದ ಮೇಲೆ ನಮ್ಮ ಮುಖ್ಯ ತಕರಾರು ಶುರುವಾಗುತ್ತೆ. ಬ್ಯಾಂಕಿನ ಫೈಲನ್ನ ಇಂಪೋರ್ಟ್ ಮಾಡಿದ್ರಿ. ಆಮೇಲೆ ರೀಕನ್ಸೈಲ್ ಒತ್ತಿ, ಸ್ಟೇಟ್‌ಮೆಂಟಿನ ಕೊನೆಯ ತಾರೀಖು, ಕೊನೆಯ ಶಿಲ್ಕು ಹಾಕಿ, ಸಾಲುಗಳಿಗೆ ಟಿಕ್ ಹಾಕ್ತಾ ಹೋದ್ರಿ. ವ್ಯತ್ಯಾಸ ಸೊನ್ನೆ ಬಂತು. ಬರದೇ ಏನು? ಅದೇ ಬ್ಯಾಂಕಿನ ಫೈಲು, ಅದೇ ಬ್ಯಾಂಕಿನ ಶಿಲ್ಕು. ಪಕ್ಕದ ಬೆಂಚಿನವನ ಲ್ಯಾಬ್ ರೆಕಾರ್ಡ್ ನೋಡಿ ಬರೆದು, ಆಮೇಲೆ ಅವನ ರೆಕಾರ್ಡಿನ ಜೊತೆಗೇ ರೀಡಿಂಗ್ ಹೋಲಿಸಿ "ಕರೆಕ್ಟಾಗಿದೆ" ಅಂದ ಹಾಗಾಯ್ತು. ನಿಮ್ಮ ಇಂಪೋರ್ಟ್ ಸರಿಯಾಗಿ ಆಗಿದೆ ಅಂತ ಮಾತ್ರ ಅದರಿಂದ ಗೊತ್ತಾಗುತ್ತೆ. ನಿಮ್ಮ ದುಡ್ಡು ಸರಿಯಾಗಿದೆಯಾ ಅನ್ನೋದು ಗೊತ್ತಾಗೋದಿಲ್ಲ.

ಮಂಡಿಯ ಅಜ್ಜ ಕಿರ್ದಿ ಬರೀತಿದ್ದು ಪಾಸ್‌ಬುಕ್ ನೋಡಿಕೊಂಡಲ್ಲ. ದುಡ್ಡು ಕೈ ಬದಲಾದಾಗಲೇ ಬರೀತಿದ್ರು, ವಾರಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸಿಕೊಂಡು ಬಂದು ಎರಡನ್ನೂ ಇಟ್ಟು ನೋಡ್ತಿದ್ರು. ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ್ದು ಯಾವುದು, ಬ್ಯಾಂಕಿನಲ್ಲಿದ್ದು ಪುಸ್ತಕದಲ್ಲಿ ಇಲ್ಲದ್ದು ಯಾವುದು, ಈ ಎರಡು ಪಟ್ಟಿಗಾಗಿಯೇ ಅಷ್ಟು ಶ್ರಮ. ಇಂಪೋರ್ಟ್ ಮಾತ್ರ ಮಾಡೋರಿಗೆ ಮೊದಲನೇ ಪಟ್ಟಿ ಯಾವತ್ತೂ ಖಾಲಿಯೇ ಇರುತ್ತೆ.

ಹಾಗಾಗಿ ನಮ್ಮ ಪದ್ಧತಿ ಹೀಗಿದೆ. 100 ರೂಪಾಯಿ ಮೇಲಿನದು, ಫೀಸು, ಯಾರಿಗಾದರೂ ಕೊಟ್ಟ ಅಥವಾ ಯಾರಿಂದಾದರೂ ಬರಬೇಕಾದ ದುಡ್ಡು, ಇವನ್ನ ಅವತ್ತೇ ಕೈಯಾರೆ ಬರೀತೀವಿ. ಟೀ, ಜೆರಾಕ್ಸ್, ಬಸ್ ಚಿಲ್ಲರೆ ಇಂಪೋರ್ಟಿನಲ್ಲಿ ಬರಲಿ ಅಂತ ಬಿಡ್ತೀವಿ. ಭಾನುವಾರ ಫೈಲ್ ಹಾಕಿದಾಗ ಕೈಯಲ್ಲಿ ಬರೆದದ್ದಕ್ಕೆ ಬ್ಯಾಂಕಿನ ಸಾಲನ್ನ ಸಾಫ್ಟ್‌ವೇರ್ ಜೋಡಿ ಮಾಡುತ್ತೆ. ಜೋಡಿ ಸಿಗದೆ ಒಂಟಿಯಾಗಿ ಉಳಿದವನ್ನ ಮಾತ್ರ ನೋಡಿದ್ರೆ ಸಾಕು.

ಒಂಟಿಯಾಗಿ ಉಳಿದದ್ದರಲ್ಲಿ ಏನೇನು ಸಿಕ್ತು? ಒಂದು 17.70. ಎಸ್ಎಂಎಸ್ ಶುಲ್ಕ 15, ಅದರ ಮೇಲೆ ಶೇ. 18 ಜಿಎಸ್‌ಟಿ. ಇನ್ನೊಂದು ಮೇ ಕೊನೆಯಲ್ಲಿ 20 ರೂಪಾಯಿ. ಸಿಟ್ಟಿನಿಂದ ಹುಡುಕಿದ್ರೆ ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವರ್ಷದ ಕಂತು, 2 ಲಕ್ಷದ ಅಪಘಾತ ವಿಮೆ. ಅಂಥದ್ದೊಂದು ಇದೆ ಅಂತ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ. ಈಗ ಅಮ್ಮನಿಗೆ ಹೇಳಿದ್ದಾಗಿದೆ.

ಮೂರನೇದು ದೊಡ್ಡದು. ಮೆಕ್ ಹುಡುಗ ಪರೀಕ್ಷೆ ಫೀಸು 1,640 ಆನ್‌ಲೈನಿನಲ್ಲಿ ಕಟ್ಟಿದಾಗ ಪೇಜ್ ಸುತ್ತಿ ಸುತ್ತಿ ಫೇಲ್ ಅಂತು. ಬ್ಯಾಂಕಿನಿಂದ ಮಾತ್ರ ದುಡ್ಡು ಹೋಗಿತ್ತು. ಕೊನೇ ದಿನ, ಬೇರೆ ದಾರಿ ಇಲ್ಲ, ಮತ್ತೆ ಕಟ್ಟಿದ, ರಸೀದಿ ಬಂತು. ಮೊದಲನೇದು "ತಾನಾಗಿಯೇ ವಾಪಸ್ ಬರುತ್ತೆ" ಅಂತ ಪೇಜಿನಲ್ಲಿ ಬರೆದಿತ್ತು. 3ನೇ ತಾರೀಖಿನ ಮಾತು. 16ನೇ ತಾರೀಖು ಭಾನುವಾರ ತಾಳೆ ನೋಡಿದಾಗ ಪುಸ್ತಕದಲ್ಲಿ ಫೀಸು ಒಂದು, ಬ್ಯಾಂಕಿನಲ್ಲಿ ಎರಡು, ವಾಪಸ್ ಬಂದದ್ದು ಎಲ್ಲೂ ಇಲ್ಲ. ಅವನ ಫೋನಿನಲ್ಲಿದ್ದ ಖರ್ಚಿನ ಆ್ಯಪ್ ಎರಡನ್ನೂ 'ಶಿಕ್ಷಣ' ಅಂತ ವಿಂಗಡಿಸಿ, ಈ ತಿಂಗಳು ಓದಿಗೆ ಜಾಸ್ತಿ ಖರ್ಚು ಮಾಡಿದ್ದೀರಿ ಅಂತ ಹೊಗಳಿತ್ತು.

ಇಲ್ಲಿ ಎಲ್ಲರೂ ತಿಳ್ಕೊಳ್ಳಬೇಕಾದ ಒಂದು ನಿಯಮ ಇದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಪ್ರಕಾರ, ಯುಪಿಐನಲ್ಲಿ ಅಂಗಡಿಗೋ ಸಂಸ್ಥೆಗೋ ಕಟ್ಟಿದ ದುಡ್ಡು ನಮ್ಮ ಖಾತೆಯಿಂದ ಹೋಗಿ ಅವರಿಗೆ ಖಾತರಿಯಾಗದೇ ಇದ್ರೆ, ವಹಿವಾಟಿನ ದಿನದಿಂದ 5 ದಿನದೊಳಗೆ ವಾಪಸ್ ಬರಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದು ಸೇರದೇ ಇದ್ರೆ 1 ದಿನ. ಅದು ದಾಟಿದ ಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ನಾವು ಆ 12 ಅಂಕಿಯ ನಂಬರ್ ಹಾಕಿ, ತಾರೀಖು ಹಾಕಿ, ಸುತ್ತೋಲೆ ಹೆಸರು ಹಾಕಿ ಬ್ಯಾಂಕಿಗೆ ಇಮೇಲ್ ಮಾಡಿದ್ವಿ. 20ನೇ ತಾರೀಖು 1,640 ಬಂತು. ಪರಿಹಾರಕ್ಕೆ ಇನ್ನೊಂದು ಇಮೇಲ್ ಬೇಕಾಯ್ತು. 8ಕ್ಕೆ ಗಡುವು ಮುಗಿದಿತ್ತು, 9ರಿಂದ 20ರವರೆಗೆ 12 ದಿನ, 1,200 ರೂಪಾಯಿ. ಅದೂ ಬಂತು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದೇ ಇದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ನಮಗೆ ಅಲ್ಲಿವರೆಗೆ ಹೋಗೋ ಪ್ರಸಂಗ ಬರಲಿಲ್ಲ.

"ನಮ್ಮ ಅಕೌಂಟಿನಲ್ಲಿ ಇರೋದೇ ಆರೇಳು ಸಾವಿರ, ಅದಕ್ಕೆ ಇಷ್ಟು ಆರ್ಭಟವಾ?" ಅಂತ ಕಾರಿಡಾರಿನಲ್ಲಿ ಕೇಳ್ತಾರೆ. ಆರೇಳು ಸಾವಿರದಲ್ಲಿ 1,640 ಅಂದ್ರೆ ಕಾಲು ಭಾಗ ಸ್ವಾಮಿ. ಅವನ ಅಪ್ಪ ಅದನ್ನ ಕಳಿಸೋಕೆ ಏನು ಮಾಡಿದ್ರು ಅನ್ನೋದು ಅವನಿಗೆ ಗೊತ್ತು, ನಾವು ಇಲ್ಲಿ ಬರೆಯೋದಿಲ್ಲ. ಲಕ್ಷಗಟ್ಟಲೆ ಇರೋರಿಗೆ ಲೆಕ್ಕ ತಪ್ಪಿದ್ರೆ ನಡೆಯುತ್ತೆ.

ಇನ್ನೊಂದು ವಾದ: "ಎಸ್ಎಂಎಸ್ ಓದಿ ಎಲ್ಲ ತಾನೇ ಬರ್ಕೊಳ್ಳೋ ಆ್ಯಪ್ ಇದೆಯಲ್ಲ." ಇದೆ. ಎಸ್ಎಂಎಸ್ ಓದೋ ಅನುಮತಿ ಕೊಟ್ಟರೆ ಒಟಿಪಿ ಬರೋದೂ ಅದೇ ಡಬ್ಬಿಗೇ ಅನ್ನೋದು ಒಂದು ಕಡೆ ಇರಲಿ. ಕೆಲವು ಬ್ಯಾಂಕುಗಳು 100 ರೂಪಾಯಿಗಿಂತ ಕಡಿಮೆ ಯುಪಿಐ ಖರ್ಚಿಗೆ ಎಸ್ಎಂಎಸ್ ಕಳಿಸೋದನ್ನೇ ನಿಲ್ಲಿಸಿವೆ. ನಮ್ಮ ಮುಕ್ಕಾಲು ಖರ್ಚು ಇರೋದೇ ನೂರರ ಒಳಗೆ. ಮೇಲಾಗಿ ಆ ಆ್ಯಪುಗಳಿಗೆ ಸ್ನೇಹಿತರ ಲೆಕ್ಕ ಅರ್ಥ ಆಗೋದಿಲ್ಲ. ನಾಲ್ವರು ಬಿರಿಯಾನಿ ತಿಂದು ಒಬ್ಬ 1,200 ಕೊಟ್ಟ, ಮಿಕ್ಕವರು ಮುನ್ನೂರು ಮುನ್ನೂರು ಕಳಿಸಿದ್ರು ಅನ್ನಿ. ಆ್ಯಪ್ ಪ್ರಕಾರ ಅವನು 1,200 ತಿಂದ, 900 ಸಂಪಾದನೆ ಮಾಡಿದ. ನಿಜಕ್ಕೂ ತಿಂದದ್ದು 300. ಡಬಲ್ ಎಂಟ್ರಿಯಲ್ಲಿ 300 'ಊಟ'ಕ್ಕೆ, 900 'ಗೆಳೆಯರಿಂದ ಬರಬೇಕಾದ್ದು' ಅನ್ನೋ ಖಾತೆಗೆ. ದುಡ್ಡು ಬಂದ ಹಾಗೆ ಆ ಖಾತೆ ಇಳೀತಾ ಹೋಗುತ್ತೆ. ಯಾರು ಕೊಟ್ಟಿಲ್ಲ ಅನ್ನೋದು ಮನಸ್ಸಿನಲ್ಲಿ ಕೊರೀತಾ ಇರೋ ಬದಲು ಪುಸ್ತಕದಲ್ಲಿ ಇರುತ್ತೆ. ಕೇಳೋಕೆ ಸಂಕೋಚ ಆಗೋದು ಮಾತ್ರ ಹಾಗೇ ಇದೆ, ಅದಕ್ಕೆ ಸಾಫ್ಟ್‌ವೇರ್ ಬಂದಿಲ್ಲ.

ತಿಂಗಳಿಗೊಮ್ಮೆ ಸಾಕಲ್ವಾ ಅಂದ್ರೆ, ಸಾಲದು ಅಂತೀವಿ. ರಿಸರ್ವ್ ಬ್ಯಾಂಕಿನ 2017ರ ಇನ್ನೊಂದು ಸುತ್ತೋಲೆ ಇದೆ. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ನಮ್ಮ ಖಾತೆಯಲ್ಲಿ ನಮಗೆ ಗೊತ್ತಿಲ್ಲದ ವಹಿವಾಟು ನಡೆದ್ರೆ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. 4ರಿಂದ 7 ದಿನ ಆದ್ರೆ ನಷ್ಟದ ಒಂದು ಪಾಲು ನಮ್ಮ ತಲೆ ಮೇಲೆ. ಅದೂ ದಾಟಿದ್ರೆ ಆಯಾ ಬ್ಯಾಂಕಿನ ನೀತಿ ಏನಿದೆಯೋ ಅದು. (ಒಟಿಪಿ ನಾವೇ ಹೇಳಿದ್ರೆ ಕಥೆ ಬೇರೆ.) ಅದಕ್ಕೇ ರಾತ್ರಿ ಮಲಗೋ ಮುಂಚೆ ಬ್ಯಾಂಕ್ ಆ್ಯಪಿನ ಶಿಲ್ಕು ಒಮ್ಮೆ ನೋಡ್ತೀವಿ, ಭಾನುವಾರ ಪೂರ್ತಿ ತಾಳೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ.

ವ್ಯತ್ಯಾಸ ಸೊನ್ನೆ ಬರದೇ ಇದ್ದಾಗ ಹುಡುಕೋಕೆ ಅಜ್ಜ ಹೇಳಿಕೊಟ್ಟ ಎರಡು ಉಪಾಯ ಇದೆ. ವ್ಯತ್ಯಾಸ 9ರಿಂದ ಭಾಗ ಆಗುತ್ತಾ ನೋಡು, ಆದ್ರೆ ಯಾವುದೋ ಎರಡು ಅಂಕಿ ಅದಲುಬದಲು ಬರೆದಿರ್ತೀಯ: 540 ಬದಲು 450, ವ್ಯತ್ಯಾಸ 90. ಯಾಕೆ 9 ಅಂತ ನಾವು ಹಾಳೆ ಮೇಲೆ ಬರೆದು ನೋಡಿದ್ವಿ, 10ಎ+ಬಿಯಿಂದ 10ಬಿ+ಎ ಕಳೆದ್ರೆ ಉಳಿಯೋದು ಎ, ಬಿ ವ್ಯತ್ಯಾಸದ 9 ಪಟ್ಟು. ಎರಡನೇದು, ವ್ಯತ್ಯಾಸದ ಅರ್ಧದಷ್ಟು ಮೊತ್ತದ ವಹಿವಾಟು ಇದೆಯಾ ನೋಡು, ಇದ್ರೆ ಜಮಾ ಆಗಬೇಕಾದ್ದು ಖರ್ಚಿಗೆ ಹೋಗಿರುತ್ತೆ. ಏಳನೇ ಕ್ಲಾಸು ಓದಿದ ಅಜ್ಜನ ಡೀಬಗ್ಗಿಂಗ್ ಇದು.

ಬ್ಯಾಂಕುಗಳ ಮೇಲೂ ನಮ್ಮದೊಂದು ದೂರಿದೆ. ನಮ್ಮ ಒಪ್ಪಿಗೆ ಪಡೆದು ನಮ್ಮ ಬ್ಯಾಂಕ್ ಮಾಹಿತಿಯನ್ನ ಸಾಲ ಕೊಡೋ ಸಂಸ್ಥೆಗಳಿಗೆ ನೀಟಾಗಿ, ಯಂತ್ರ ಓದೋ ಹಾಗೆ ಕಳಿಸೋ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರಿಂದ ನಡೀತಿದೆ. ಸಾಲ ಕೊಡೋರಿಗೆ ಅಷ್ಟು ಚೆಂದದ ಡೇಟಾ ಸಿಗೋದಾದ್ರೆ, ಖಾತೆಯ ಯಜಮಾನನಿಗೆ ಯಾಕೆ ಇಪ್ಪತ್ತು ಸಾಲು ಕತ್ತರಿಸಬೇಕಾದ ಫೈಲು? ಒಂದೇ ನಮೂನೆಯ, ರೆಫರೆನ್ಸ್ ನಂಬರಿಗೆ ಬೇರೆ ಕಾಲಂ ಇರೋ ಒಂದು ಸಾದಾ ಸಿಎಸ್‌ವಿ ಎಲ್ಲ ಬ್ಯಾಂಕುಗಳೂ ಕೊಡಬೇಕು. ಇದು ರಾಕೆಟ್ ಸೈನ್ಸ್ ಅಲ್ಲ, ನಮ್ಮ ಮಿನಿ ಪ್ರಾಜೆಕ್ಟಿಗಿಂತ ಸುಲಭ.

ಅಲ್ಲಿವರೆಗೆ ನಮ್ಮ ಸಿಎಸ್ ಹುಡುಗ ಬರೆದ ಪೈಥಾನ್ ಸ್ಕ್ರಿಪ್ಟ್ ಇದೆ. ಮೇಲಿನ ಕಸ ತೆಗೆದು, ತಾರೀಖು ಸರಿ ಮಾಡಿ, 12 ಅಂಕಿ ಮಡಚದ ಹಾಗೆ ಸಿಎಸ್‌ವಿ ಕೊಡುತ್ತೆ. ಸದ್ಯಕ್ಕೆ ಮೂರು ಬ್ಯಾಂಕಿನ ಫೈಲ್ ಓದುತ್ತೆ, ನಾಲ್ಕನೇದರಲ್ಲಿ ತಾರೀಖಿನ ಹತ್ರ ಮುಗ್ಗರಿಸುತ್ತೆ. ನಿಮ್ಮ ಬ್ಯಾಂಕಿನದು ಬೇಕಿದ್ರೆ ಹೆಸರು, ಅಕೌಂಟ್ ನಂಬರ್ ಅಳಿಸಿ ಹತ್ತು ಸಾಲು ತಂದುಕೊಡಿ. ಭಾನುವಾರ ರಾತ್ರಿ ಊಟ ಆದ ಮೇಲೆ ಮೆಸ್ಸಿನ ಕೊನೇ ಟೇಬಲಿನಲ್ಲಿ ಇರ್ತೀವಿ. ಪಿಡಿಎಫ್ ತರೋರು ಪಾಸ್‌ವರ್ಡ್ ನಮಗೆ ಹೇಳಬೇಡಿ, ನೀವೇ ಟೈಪ್ ಮಾಡಿ.